ಚಂಬಲ್ ನದಿಯ ಅಭಯಧಾಮ: ಆಮೆಗಳೂ ಸೂಂಸುಗಳೂ

ನಮ್ಮ ವಾಚನಾಲಯದಲ್ಲಿ ಹಿಂದಿನ ತಿಂಗಳು ಒಂದು ಚಿಕ್ಕ ವಾದ ನಡೆಯಿತು. ಪತ್ರಿಕೆಯೊಂದರಲ್ಲಿ 'ನದಿಯ ಡಾಲ್ಫಿನ್' ಎಂದು ಅಚ್ಚಾಗಿದ್ದುದನ್ನು ಕಂಡ ಹಿರಿಯ ಸದಸ್ಯರೊಬ್ಬರು, "ಇದು ಪತ್ರಿಕೆಯವರ ತಪ್ಪು. ಡಾಲ್ಫಿನ್ ಸಮುದ್ರದ ಪ್ರಾಣಿ; ಕಾರವಾರದ ಕಡಲಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ" ಎಂದರು. ಎದುರಿಗೆ ಕುಳಿತಿದ್ದ ಇನ್ನೊಬ್ಬರು, "ಇಲ್ಲ ರಾಯರೇ, ಗಂಗೆಯಲ್ಲಿಯೂ ಉಂಟಂತೆ" ಎಂದರು. ಮಾತಿಗೆ ಮಾತು ಬೆಳೆಯಿತು. ವಾಚನಾಲಯದ ಕೀಲಿಕೈ ಇಟ್ಟುಕೊಂಡವನು ನಾನಾದ್ದರಿಂದ ನ್ಯಾಯ ಹೇಳುವ ಹೊಣೆಯೂ ನನ್ನ ಮೇಲೆಯೇ ಬಿತ್ತು. ನಾನು ಗಿರಣಿಯಲ್ಲಿ ಲೆಕ್ಕ ಬರೆಯುವ ಕಾರಕೂನ, ಪ್ರಾಣಿಶಾಸ್ತ್ರ ಓದಿದವನಲ್ಲ. ಆದರೂ ಹುಡುಕಿ ಹೇಳುತ್ತೇನೆಂದು ಮಾತು ಕೊಟ್ಟೆ. ಹುಡುಕಹೊರಟದ್ದು ಒಂದು ಪ್ರಾಣಿಯನ್ನು, ಸಿಕ್ಕಿದ್ದು ಒಂದು ಇಡೀ ನದಿ. ಅದರ ಸಂಗತಿಯನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ವಾದವನ್ನು ಮುಗಿಸೋಣ. ಇಬ್ಬರು ಮಹಾಶಯರೂ ಹೇಳಿದ್ದು ಸರಿಯೇ. ಕಡಲಿನ ಡಾಲ್ಫಿನ್ನುಗಳು ಬೇರೆ, ಗಂಗೆ ಮತ್ತು ಬ್ರಹ್ಮಪುತ್ರಗಳಲ್ಲಿಯೂ ಅವುಗಳ ಉಪನದಿಗಳಲ್ಲಿಯೂ ಬಾಳುವ ಡಾಲ್ಫಿನ್ ಬೇರೆ. ಈ ನದಿಯ ಡಾಲ್ಫಿನ್ನನ್ನು ಹಿಂದಿಯವರು 'ಸೂಂಸ್' ಎನ್ನುತ್ತಾರೆ. ನೀರಿನ ಮೇಲೆ ಬಂದು ಉಸಿರು ಬಿಡುವಾಗ ಆಗುವ ಸದ್ದೇ ಅದರ ಹೆಸರಾಗಿದೆ. ೨೦೦೯ರಲ್ಲಿ ಭಾರತ ಸರಕಾರವು ಇದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. ಹುಲಿ, ನವಿಲುಗಳನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಈ ಮೂರನೆಯದನ್ನು ಕೇಳಿದರೆ ದೊಡ್ಡವರೇ ತಡವರಿಸುತ್ತಾರೆ.

ಸೂಂಸ್, ಆಮೆ, ಮೊಸಳೆ ಇವೆಲ್ಲಕ್ಕೂ ಒಟ್ಟಿಗೆ ಆಶ್ರಯ ಕೊಟ್ಟಿರುವ ಸ್ಥಳವೊಂದು ನಮ್ಮಲ್ಲಿ ಅನೇಕರ ದಾರಿಯಲ್ಲಿಯೇ ಇದೆ. ಮುಂಬಯಿಯಿಂದ ಪಂಜಾಬ್ ಮೇಲಿನಲ್ಲಾಗಲಿ, ಸೊಲ್ಲಾಪುರದ ಮೇಲಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಾಗಲಿ ದಿಲ್ಲಿಗೆ ಹೋಗುವವರು ಗ್ವಾಲಿಯರ್ ದಾಟಿ, ಮುರೈನಾ ದಾಟಿ, ಧೋಲ್‌ಪುರ ಬರುವುದರೊಳಗೆ ಒಂದು ಉದ್ದನೆಯ ಸೇತುವೆಯ ಮೇಲೆ ಹಾಯುತ್ತಾರೆ. ಸೇತುವೆಗೆ ಮುಂಚೆಯೂ ಆಮೇಲೂ ನೆಲವೆಲ್ಲ ಇಲಿ ಕೊರೆದಂತೆ ಕೊರಕಲು ಬಿದ್ದಿರುತ್ತದೆ. ಕೆಳಗೆ ಹರಿಯುವುದೇ ಚಂಬಲ್. ಮಧ್ಯಪ್ರದೇಶದ ಮಹೂ ಬಳಿಯ ಜಾನಾಪಾವ್ ಗುಡ್ಡದಲ್ಲಿ ಹುಟ್ಟಿ, ರಾಜಸ್ಥಾನದ ಕೋಟಾದ ಮೇಲೆ ಹರಿದು, ಸುಮಾರು ೯೬೦ ಕಿಲೋಮೀಟರು ನಡೆದು, ಉತ್ತರಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಯಮುನೆಯನ್ನು ಸೇರುತ್ತದೆ.

ಪುರಾಣದಲ್ಲಿ ಈ ನದಿಗೆ ಚರ್ಮಣ್ವತಿಯೆಂದು ಹೆಸರು. ರಂತಿದೇವನೆಂಬ ಅರಸನ ಯಜ್ಞಗಳಲ್ಲಿ ಕೊಂದ ಪಶುಗಳ ಚರ್ಮದ ರಾಶಿಯಿಂದ ಒಸರಿದ ದ್ರವವೇ ಹೊಳೆಯಾಗಿ ಹರಿಯಿತೆಂದು ಮಹಾಭಾರತದ ಕಥೆ. ಅದರ ಮೇಲೆ ದ್ರೌಪದಿಯ ಶಾಪವೂ ಇದೆಯೆಂದು ಆ ಕಡೆಯ ಜನ ಹೇಳುತ್ತಾರೆ. ಕಾರಣವೇನೇ ಇರಲಿ, ಗಂಗೆ ಯಮುನೆಗಳ ದಡದಲ್ಲಿ ಎದ್ದಂಥ ತೀರ್ಥಕ್ಷೇತ್ರಗಳಾಗಲಿ ದೊಡ್ಡ ಪಟ್ಟಣಗಳಾಗಲಿ ಕೋಟಾದಿಂದ ಕೆಳಗೆ ಈ ನದಿಯ ದಡದಲ್ಲಿ ಬೆಳೆಯಲಿಲ್ಲ. ಕೊರಕಲು ನೆಲದಲ್ಲಿ ಬೇಸಾಯ ಕಷ್ಟ. ಅದೇ ಕೊರಕಲು ಡಕಾಯಿತರಿಗೆ ಕೋಟೆಯಾಯಿತು. ೧೯೬೦ರಲ್ಲಿ ವಿನೋಬಾ ಭಾವೆಯವರ ಮುಂದೆ, ೧೯೭೨ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಬಂದೂಕು ಕೆಳಗಿಟ್ಟ ಸಂಗತಿ ಹಿರಿಯರಿಗೆ ನೆನಪಿರಬಹುದು. ಭಯದಿಂದ ಯಾರೂ ಕಾರಖಾನೆ ಕಟ್ಟಲಿಲ್ಲ. ಕಾರಖಾನೆ ಇಲ್ಲದ್ದರಿಂದ ಅದರ ಕೊಳೆ ನೀರಿಗೆ ಬೀಳಲಿಲ್ಲ. ಬಣ್ಣದ ನೀರನ್ನು ಗಿರಣಿಗಳು ಎಲ್ಲಿಗೆ ಬಿಡುತ್ತವೆಂಬುದನ್ನು ಬಲ್ಲ ನನ್ನಂಥವನಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. ಗಂಗೆಗೆ ಭಕ್ತಿ ಮಾಡದ ಉಪಕಾರವನ್ನು ಚಂಬಲಿಗೆ ಅಪಕೀರ್ತಿ ಮಾಡಿತು.

೧೯೭೮-೭೯ರಲ್ಲಿ ಮಧ್ಯಪ್ರದೇಶ, ಉತ್ತರಪ್ರದೇಶ, ರಾಜಸ್ಥಾನ ಈ ಮೂರು ರಾಜ್ಯಗಳೂ ಒಂದರ ಹಿಂದೊಂದು ಆಜ್ಞೆ ಹೊರಡಿಸಿ, ನದಿಯ ೪೦೦ ಕಿಲೋಮೀಟರಿಗೂ ಮಿಕ್ಕಿದ ಭಾಗವನ್ನು ರಾಷ್ಟ್ರೀಯ ಚಂಬಲ್ ಅಭಯಾರಣ್ಯವೆಂದು ಗೊತ್ತುಮಾಡಿದವು. ಅರಣ್ಯವೆಂದು ಹೆಸರೇ ಹೊರತು ಇಲ್ಲಿ ದಟ್ಟ ಕಾಡಿಲ್ಲ. ನೀರು, ಮರಳು, ಕೊರಕಲು ಇಷ್ಟೇ. ಆದುದರಿಂದ ನಾನು 'ಅಭಯಧಾಮ' ಎಂದು ಬರೆದಿದ್ದೇನೆ. ಹಲವು ಕಡೆ ಒಂದು ದಡ ಒಂದು ರಾಜ್ಯಕ್ಕೆ, ಎದುರು ದಡ ಇನ್ನೊಂದಕ್ಕೆ ಸೇರಿದೆ. ಕಳ್ಳ ಈ ದಡದಿಂದ ಆ ದಡಕ್ಕೆ ಈಜಿದರೆ ಕಾನೂನಿನವರು ಕಾಗದ ಬರೆಯುತ್ತ ಕೂಡಬೇಕಾಗುತ್ತದೆ. ಮೂರು ಮನೆಯ ಒಂದೇ ಅಂಗಳ ಗುಡಿಸುವ ಕಷ್ಟ ಚಾಳಿನಲ್ಲಿರುವವರಿಗೆಲ್ಲ ಗೊತ್ತು.

ಅಭಯಧಾಮ ಹುಟ್ಟಿದ್ದು ಮೊದಲಿಗೆ ಘಡಿಯಾಲಿನ ಸಲುವಾಗಿ. ಘಡಿಯಾಲ್ ಎಂದರೆ ಕೋಲಿನಂತೆ ಸಪೂರವಾದ ಉದ್ದ ಮೂತಿಯ, ಮೀನು ತಿನ್ನುವ ಮೊಸಳೆ. ಪ್ರಾಯಕ್ಕೆ ಬಂದ ಗಂಡಿನ ಮೂತಿಯ ತುದಿಯಲ್ಲಿ ಮಡಕೆಯಂಥ ಗಂಟು ಬೆಳೆಯುತ್ತದೆ. ಹಿಂದಿಯ 'ಘಡಾ' ಶಬ್ದದಿಂದಲೇ ಈ ಹೆಸರು. ೧೯೭೦ರ ದಶಕದಲ್ಲಿ ಕಾಡಿನಲ್ಲಿ ಉಳಿದಿದ್ದ ದೊಡ್ಡ ಘಡಿಯಾಲುಗಳು ಇನ್ನೂರಕ್ಕಿಂತ ಕಡಿಮೆಯೆಂದು ಅಂದಾಜು ಮಾಡಿದ್ದರು. ೧೯೭೫ರಲ್ಲಿ ಆರಂಭವಾದ ಮೊಸಳೆ ಯೋಜನೆಯಂತೆ ಮೊಟ್ಟೆಗಳನ್ನು ತಂದು, ಮರಿ ಮಾಡಿಸಿ, ಸ್ವಲ್ಪ ಬೆಳೆದ ಮೇಲೆ ನದಿಗೆ ಬಿಟ್ಟರು. ಲಖನೌದ ಕುಕ್ರೈಲ್‌ನಲ್ಲಿಯೂ ಮುರೈನಾ ಬಳಿಯ ದೇವರಿಯಲ್ಲಿಯೂ ಇದಕ್ಕಾಗಿ ಕೇಂದ್ರಗಳಾದವು. ಈಚಿನ ವರ್ಷಗಳ ಎಣಿಕೆಯಲ್ಲಿ ಚಂಬಲಿನಲ್ಲಿಯೇ ಎರಡು ಸಾವಿರಕ್ಕೆ ಮೇಲ್ಪಟ್ಟು ಘಡಿಯಾಲುಗಳು ಕಂಡಿವೆ. ಜಗತ್ತಿನ ಘಡಿಯಾಲುಗಳಲ್ಲಿ ಬಹುಪಾಲು ಈ ಒಂದೇ ನದಿಯಲ್ಲಿವೆ. ಎಲ್ಲ ದುಡ್ಡನ್ನೂ ಒಂದೇ ಪೇಢಿಯಲ್ಲಿಟ್ಟ ಹಾಗಾಯಿತು ಇದು. ಅದರ ಅಪಾಯವನ್ನು ಮುಂದೆ ಹೇಳುತ್ತೇನೆ.

ಈಗ ಸೂಂಸಿನ ವಿಚಾರ. ಇದು ಮೀನಲ್ಲ; ನಮ್ಮಂತೆ ಪುಪ್ಪುಸದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಎರಡು ಎರಡೂವರೆ ಮೀಟರು ಉದ್ದ, ಬೂದು ಮೈ, ಉದ್ದನೆಯ ಮೂತಿ, ಮೂತಿಯ ತುಂಬ ಚೂಪು ಹಲ್ಲು. ಒಂದು ಸಲಕ್ಕೆ ಒಂದೇ ಮರಿ. ಎಲ್ಲಕ್ಕಿಂತ ಸೋಜಿಗವೆಂದರೆ ಅದಕ್ಕೆ ಕಣ್ಣು ಇದ್ದೂ ಇಲ್ಲದಂತೆ. ಕಣ್ಣು ಗುಂಡುಸೂಜಿಯ ತೂತಿನಷ್ಟು. ಒಳಗೆ ಮಸೂರವೇ ಇಲ್ಲ. ಬೆಳಕು ಬಂತೇ ಇಲ್ಲವೇ ಎಂಬುದಷ್ಟೇ ಅದಕ್ಕೆ ತಿಳಿದೀತು. ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣಿದ್ದವರಿಗಾದರೂ ಏನು ಕಂಡೀತು? ಆದುದರಿಂದ ಅದು ಕಿವಿಯಿಂದ ನೋಡುತ್ತದೆ. ಎಡೆಬಿಡದೆ ಟಿಕ್‌ಟಿಕ್ ಎಂಬ ಸಣ್ಣ ಸದ್ದುಗಳನ್ನು ಹೊರಡಿಸುತ್ತದೆ. ಅವು ಮೀನಿಗೋ ಬಂಡೆಗೋ ತಾಗಿ ಮರಳಿ ಬರುವ ಮಾರ್ದನಿಯಿಂದ ಎದುರಿಗಿರುವುದು ಏನು, ಎಷ್ಟು ದೂರ, ಯಾವ ಕಡೆ ಚಲಿಸುತ್ತಿದೆ ಎಂಬುದನ್ನು ಅರಿಯುತ್ತದೆ. ಬಾವಲಿ ಕತ್ತಲಲ್ಲಿ ಹಾರುವ ಉಪಾಯವೂ ಇದೇ. ಸೂಂಸ್ ಅನೇಕ ವೇಳೆ ಮಗ್ಗುಲಾಗಿ ಈಜುತ್ತದೆ. ಒಂದು ರೆಕ್ಕೆಯಿಂದ ತಳದ ಕೆಸರನ್ನು ಸವರುತ್ತ ಕುರುಡನು ಗೋಡೆ ಮುಟ್ಟಿ ನಡೆಯುವಂತೆ ನಡೆಯುತ್ತದೆ.

ಈ ಪ್ರಾಣಿಗೆ ಬೇಕಾದುದು ಎರಡು: ಆಳ, ಮತ್ತು ಮೇಲಕ್ಕೆ ಬರಲು ತೆರಪು. ಬೇಸಿಗೆಯಲ್ಲಿ ಚಂಬಲ್ ಒಂದೇ ಸಮನಾಗಿ ಹರಿಯುವುದಿಲ್ಲ. ನಡುನಡುವೆ ಆಳವಾದ ಮಡುಗಳು, ಮಡುವಿನಿಂದ ಮಡುವಿಗೆ ತೆಳ್ಳನೆಯ ಹರಿವು. ಹರಿವು ಇನ್ನೂ ಇಳಿದರೆ ಸೂಂಸುಗಳು ತಮ್ಮ ತಮ್ಮ ಮಡುವಿನಲ್ಲಿಯೇ ಸೆರೆಯಾಗುತ್ತವೆ. ಇನ್ನು ತೆರಪಿನ ಮಾತು. ಒಂದೆರಡು ನಿಮಿಷಕ್ಕೊಮ್ಮೆ ಅದು ಮೇಲೆ ಬಂದು ಉಸಿರೆಳೆಯಲೇಬೇಕು. ಅಡ್ಡಲಾಗಿ ಕಟ್ಟಿದ ನೈಲಾನ್ ಬಲೆಯ ಎಳೆ ಎಷ್ಟು ತೆಳುವೆಂದರೆ ಅದರಿಂದ ಮಾರ್ದನಿ ಸರಿಯಾಗಿ ಬರುವುದಿಲ್ಲ. ಸಿಕ್ಕಿಕೊಂಡ ಸೂಂಸ್ ನೀರಿನಲ್ಲಿದ್ದೂ ಮುಳುಗಿ ಸಾಯುತ್ತದೆ. ಬೆಸ್ತನಿಗೆ ಅದು ಬೇಕಾದದ್ದಲ್ಲ, ಬಲೆಯೂ ಹರಿದುಹೋಗುತ್ತದೆ, ಇಬ್ಬರಿಗೂ ನಷ್ಟ.

ದೇಶದಲ್ಲಿ ಸೂಂಸುಗಳೆಷ್ಟು? ೨೦೨೧ರಿಂದ ೨೦೨೩ರ ವರೆಗೆ ದೋಣಿಗಳಲ್ಲಿ ಕುಳಿತು ಎಣಿಸಿ, ೨೦೨೫ರ ಮಾರ್ಚಿಯಲ್ಲಿ ಪ್ರಕಟಿಸಿದ ವರದಿಯಂತೆ ನದಿಯ ಡಾಲ್ಫಿನ್ನುಗಳ ಅಂದಾಜು ೬,೩೨೭. ಇವುಗಳಲ್ಲಿ ೩ ಮಾತ್ರ ಪಂಜಾಬದ ಬಿಯಾಸ್ ನದಿಯಲ್ಲಿ ಉಳಿದಿರುವ ಸಿಂಧೂ ಡಾಲ್ಫಿನ್ನುಗಳು. ಉತ್ತರಪ್ರದೇಶಕ್ಕೆ ೨,೩೯೭, ಬಿಹಾರಕ್ಕೆ ೨,೨೨೦. ಚಂಬಲಿನ ಮೇಲಿನ ರಾಜಸ್ಥಾನ ಮಧ್ಯಪ್ರದೇಶಗಳ ಪಾಲಿಗೆ ಬಂದದ್ದು ೯೫ ಮಾತ್ರ. ದೊಡ್ಡ ಅಂಕೆಯ ಸಂತೋಷದಲ್ಲಿ ಈ ಚಿಕ್ಕ ಅಂಕೆಯನ್ನು ಮರೆಯಬಾರದು. ನಮ್ಮ ಒಂದು ಚಾಳಿನ ಎರಡು ಮಜಲಿನ ಜನಸಂಖ್ಯೆಗೂ ಅದು ಕಡಿಮೆ.

ಈ ಪ್ರಾಣಿಗಳಿಗೆ ಅಭಯ ಕೊಡುವುದು ಹೊಸ ಕಾಲದ ವಿಚಾರವೆಂದು ಕೆಲವರ ಎಣಿಕೆ. ಅಶೋಕ ಚಕ್ರವರ್ತಿಯು ತನ್ನ ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಕೆತ್ತಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಅದರಲ್ಲಿ 'ಗಂಗಾಪುಪುಟಕ' ಎಂಬ ಹೆಸರು ಬರುತ್ತದೆ. ಇದು ಸೂಂಸೇ ಎಂದು ಅನೇಕ ವಿದ್ವಾಂಸರ ಮತ. ಆಮೆಯೂ ಆ ಪಟ್ಟಿಯಲ್ಲಿದೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕಿತೆಂದು ೧೯೧೫ರಿಂದ ಹೆಮ್ಮೆಪಡುತ್ತ ಬಂದಿದ್ದೇವೆ. ಅವನು ಉತ್ತರದ ಕಂಬಗಳ ಮೇಲೆ ಬರೆಸಿದ್ದನ್ನೂ ಓದಿಕೊಂಡರೆ ತಪ್ಪಿಲ್ಲ.

ಆಮೆಗಳಿಗೆ ಬರೋಣ. ಎಲ್ಲೋರಾಕ್ಕೆ ಹೋಗಿಬಂದವರು ರಾಷ್ಟ್ರಕೂಟ ಕೃಷ್ಣನು ಕೊರೆಯಿಸಿದ ಕೈಲಾಸ ದೇವಾಲಯದ ಅಂಗಳದಲ್ಲಿ ಮೂವರು ನದೀದೇವಿಯರ ಚಿಕ್ಕ ಗುಡಿಯನ್ನು ನೋಡಿರಬಹುದು. ಗಂಗೆ ಮಕರದ ಮೇಲೆ ನಿಂತಿದ್ದಾಳೆ, ಯಮುನೆ ಆಮೆಯ ಮೇಲೆ. ಯಮುನೆಗೆ ಆಮೆ ವಾಹನವಾದುದು ಸುಮ್ಮನೆ ಅಲ್ಲ. ಆ ನದಿಯ ತುಂಬ ಒಂದು ಕಾಲಕ್ಕೆ ಆಮೆಗಳಿದ್ದವು. ಇಂದು ದಿಲ್ಲಿಯ ಯಮುನೆಯ ಕಪ್ಪು ನೀರು ನೋಡಿದವರಿಗೆ ಅದು ನಂಬುವ ಮಾತಲ್ಲ. ಅವಳ ವಾಹನಕ್ಕೆ ಈಗ ಆಸರೆ ಕೊಟ್ಟಿರುವವಳು ಶಾಪಗ್ರಸ್ತಳೆನಿಸಿಕೊಂಡ ಚರ್ಮಣ್ವತಿ.

ಚಂಬಲಿನಲ್ಲಿ ಆಮೆಗಳ ಜಾತಿ ಎಂಟಕ್ಕೆ ಕಡಿಮೆಯಿಲ್ಲ. ಗಟ್ಟಿ ಚಿಪ್ಪಿನವೂ ಇವೆ, ಚಕ್ಕಳದಂಥ ಮೆತ್ತನೆಯ ಚಿಪ್ಪಿನವೂ ಇವೆ. ಇವುಗಳಲ್ಲಿ ಒಂದನ್ನು ಮಾತ್ರ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಈ ನದಿ ಹೋದರೆ ಅದೂ ಹೋದಂತೆಯೇ. ಅದರ ಹಿಂದೀ ಹೆಸರು 'ಲಾಲ್ ತಿಲಕಧಾರೀ'. ಹೆಣ್ಣು ದೊಡ್ಡದು, ಇಪ್ಪತ್ತೈದು ಕಿಲೋ ತೂಗುವಂಥದು, ಬಣ್ಣ ಸಾದಾ. ಗಂಡು ಅದರ ಅರ್ಧದಷ್ಟು ಉದ್ದವಿದ್ದೀತು. ಆದರೆ ಬೆದೆಯ ಕಾಲ ಬಂದಾಗ ಅದರ ಸೊಗಸು ನೋಡಬೇಕು. ನೆತ್ತಿಯ ಮೇಲೆ ಕುಂಕುಮವಿಟ್ಟಂತೆ ಕೆಂಪು, ಮುಖಕ್ಕೆ ನೀಲಿಯ ಛಾಯೆ, ಕತ್ತಿನುದ್ದಕ್ಕೂ ಕೆಂಪು ಹಳದಿ ಪಟ್ಟೆಗಳು. ಹೆಣ್ಣು ಸಾಧು, ಹೆಚ್ಚಾಗಿ ನೀರಿನ ಸಸ್ಯಗಳನ್ನು ತಿಂದು ಬದುಕುತ್ತದೆ. ಹಿಂದೆ ಗಂಗೆಯಲ್ಲೆಲ್ಲ ಇದ್ದ ಈ ಆಮೆ ಈಗ ಹೇಳಿಕೊಳ್ಳುವಷ್ಟು ಸಂಖ್ಯೆಯಲ್ಲಿ ಉಳಿದಿರುವುದು ಚಂಬಲಿನಲ್ಲಿ ಮಾತ್ರ.

ಮಾರ್ಚಿ ಏಪ್ರಿಲ್ ತಿಂಗಳ ರಾತ್ರಿಗಳಲ್ಲಿ ಹೆಣ್ಣು ದಡದ ಮರಳಿನ ಮೇಲೆ ಏರಿ, ಹಿಂಗಾಲಿನಿಂದ ಕುಳಿ ತೋಡಿ, ಹತ್ತರಿಂದ ಮೂವತ್ತರ ವರೆಗೆ ಮೊಟ್ಟೆಯಿಟ್ಟು, ಮುಚ್ಚಿ, ತಿರುಗಿ ನೋಡದೆ ನೀರಿಗಿಳಿಯುತ್ತದೆ. ಕಾವು ಕೊಡುವವನು ಸೂರ್ಯ. ಮೊಟ್ಟೆಯಿಂದ ಹೊರಬರುವುದು ಗಂಡೋ ಹೆಣ್ಣೋ ಎಂಬುದು ಅನೇಕ ಆಮೆಗಳಲ್ಲಿಯೂ ಎಲ್ಲ ಮೊಸಳೆಗಳಲ್ಲಿಯೂ ಮರಳಿನ ಕಾವಿನ ಮೇಲೆಯೇ ನಿಲ್ಲುತ್ತದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಮೊದಲ ಸಲ ಓದಿದಾಗ ನನಗೂ ನಂಬಿಕೆಯಾಗಲಿಲ್ಲ. ಮೇ ಜೂನಿನಲ್ಲಿ, ಮಳೆ ಬಂದು ನದಿ ಏರುವ ಮೊದಲು, ಮರಿಗಳು ಹೊರಬೀಳಬೇಕು. ಅಷ್ಟರೊಳಗೆ ನರಿ, ಉಡ, ನಾಯಿ ಇವುಗಳ ಕಣ್ಣಿಗೆ ಬಿದ್ದ ಕುಳಿ ಬರಿದಾಗುತ್ತದೆ. ಉಳಿದು ಹೊರಟ ಮರಿಗಳನ್ನು ದೊಡ್ಡ ಮೀನು, ಹಕ್ಕಿಗಳು ಕಾಯುತ್ತಿರುತ್ತವೆ.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಮರಿ ಬಡ್ಡಿ ಇದ್ದಂತೆ, ಮೊಟ್ಟೆಯಿಡುವ ಹೆಣ್ಣು ಮೂಲಧನವಿದ್ದಂತೆ. ಒಂದು ವರ್ಷದ ಬಡ್ಡಿಯೆಲ್ಲ ನರಿಯ ಪಾಲಾದರೂ ಮೂಲಧನವಿದ್ದರೆ ಮುಂದಿನ ವರ್ಷ ನೋಡಿಕೊಳ್ಳಬಹುದು. ಆಮೆ ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಬಂದ ಮೇಲೆ ಬಹುಕಾಲ ಬಾಳಿ ವರ್ಷ ವರ್ಷ ಮೊಟ್ಟೆಯಿಡುತ್ತದೆ. ಪ್ರಕೃತಿಯ ಲೆಕ್ಕವೇ ಹಾಗಿದೆ. ಆದರೆ ಕಳ್ಳ ಬೇಟೆಗಾರ ಕೈಹಾಕುವುದು ಮೂಲಧನಕ್ಕೇ. ಅವನಿಗೆ ಬೇಕಾದುದು ದೊಡ್ಡ ಆಮೆ. ಮಾಂಸಕ್ಕೆ ಒಂದು ಪೇಟೆ. ಮೆತ್ತನೆಯ ಚಿಪ್ಪಿನ ಆಮೆಗಳ ಅಂಚನ್ನು ಒಣಗಿಸಿ ಪೂರ್ವ ದೇಶಗಳಿಗೆ ಔಷಧಿಯ ನೆಪದಲ್ಲಿ ಸಾಗಿಸುವುದು ಇನ್ನೊಂದು ಪೇಟೆ. ೨೦೧೭ರ ಜನವರಿಯಲ್ಲಿ ಉತ್ತರಪ್ರದೇಶದ ಅಮೇಠಿಯಲ್ಲಿ ಪೋಲೀಸರು ಒಂದೇ ದಾಳಿಯಲ್ಲಿ ಗೋಣಿಚೀಲಗಳಲ್ಲಿ ತುಂಬಿಟ್ಟಿದ್ದ ೬,೦೦೦ಕ್ಕೂ ಹೆಚ್ಚು ಜೀವಂತ ಆಮೆಗಳನ್ನು ಹಿಡಿದರು.

ಇದಕ್ಕೆ ಪ್ರತಿಯಾಗಿ ನಡೆದಿರುವ ಕೆಲಸವೂ ಮೆಚ್ಚತಕ್ಕದ್ದು. ದಡದ ಹಳ್ಳಿಯವರನ್ನೇ ಕೂಲಿ ಕೊಟ್ಟು ಕಾವಲಿಗೆ ನಿಲ್ಲಿಸಿದ್ದಾರೆ. ಬೆಳಗಿನ ಜಾವ ಮರಳಿನ ಮೇಲೆ ಆಮೆಯ ಹೆಜ್ಜೆ ಹುಡುಕುತ್ತ ಹೋಗಿ, ಅಪಾಯದಲ್ಲಿರುವ ಕುಳಿಯ ಮೊಟ್ಟೆಗಳನ್ನು ತಿರುಗುಮುರುಗಾಗದಂತೆ ಎತ್ತಿ, ಬೇಲಿ ಹಾಕಿದ ಮರಳಿನ ಅಂಗಳದಲ್ಲಿ ಅದೇ ಆಳಕ್ಕೆ ಹೂಳುತ್ತಾರೆ. ಮರಿಗಳಾದ ಮೇಲೆ ಹೆಚ್ಚಿನವನ್ನು ಅದೇ ನದಿಗೆ ಬಿಡುತ್ತಾರೆ. ಕೆಲವನ್ನು ಇಟಾವಾ ಜಿಲ್ಲೆಯ ಗಢಾಯಿತಾ ಕೇಂದ್ರದಲ್ಲಿ ಕೆಲವು ವರ್ಷ ಸಾಕಿ, ಶತ್ರುವಿನ ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಮೇಲೆ ಬಿಡುತ್ತಾರೆ. ೨೦೨೫ರಲ್ಲಿ ಹೀಗೆ ಬೆಳೆದ ಇಪ್ಪತ್ತು ತಿಲಕಧಾರಿಗಳನ್ನು, ಎಲ್ಲಿಗೆ ಹೋಗುತ್ತವೆಂದು ಕಂಡುಹಿಡಿಯಲು ಸದ್ದು ಹೊರಡಿಸುವ ಸಣ್ಣ ಯಂತ್ರ ಅಂಟಿಸಿ, ಗಂಗೆಯಲ್ಲಿ ಬಿಟ್ಟಿದ್ದಾರೆ.

ಗಂಗೆಗೆ ಚಂಬಲಿನ ಸಾಲ ಇದೇ ಮೊದಲಲ್ಲ. ಗಂಗಾ ಶುದ್ಧೀಕರಣ ಯೋಜನೆಯ ಕಾಲದಲ್ಲಿ ಚಂಬಲಿನ ಆಮೆಯ ಮೊಟ್ಟೆಗಳನ್ನು ಸಾರನಾಥದಲ್ಲಿ ಮರಿ ಮಾಡಿಸಿ ಕಾಶಿಯಲ್ಲಿ ಬಿಟ್ಟಿದ್ದರು; ಅರೆಸುಟ್ಟ ಹೆಣಗಳನ್ನು ತಿಂದು ನದಿಯನ್ನು ಶುದ್ಧಮಾಡಲಿ ಎಂಬುದು ಉದ್ದೇಶ. ೧೯೮೯ರಲ್ಲಿ ರಾಮನಗರದ ಕೋಟೆಯಿಂದ ಸೇತುವೆಯ ವರೆಗೆ ೭ ಕಿಲೋಮೀಟರಿನ ಆಮೆಯ ಅಭಯಧಾಮವೂ ಆಯಿತು. ೨೦೨೦ರಲ್ಲಿ ಅದನ್ನು ರದ್ದುಪಡಿಸಿದರು. ಕಾಗದದ ಮೇಲೆ ಕೊಟ್ಟ ಅಭಯವನ್ನು ಕಾಗದದ ಮೇಲೆಯೇ ಹಿಂದಕ್ಕೆ ಪಡೆಯಬಹುದೆಂಬುದಕ್ಕೆ ಇದೊಂದು ಉದಾಹರಣೆ. ಬಿಹಾರದಲ್ಲಿ ಸುಲ್ತಾನ್‌ಗಂಜ್ ಮತ್ತು ಕಹಲ್‌ಗಾಂವ್ ನಡುವೆ ೧೯೯೧ರಲ್ಲಿ ಸೂಂಸಿಗೆಂದೇ ಮಾಡಿದ ವಿಕ್ರಮಶಿಲಾ ಅಭಯಧಾಮ ಮಾತ್ರ ಉಳಿದಿದೆ.

ಚಂಬಲಿನ ಕಷ್ಟಗಳ ಬೇರು ಎರಡು ವಸ್ತುಗಳಲ್ಲಿದೆ: ನೀರು ಮತ್ತು ಮರಳು.

ನೀರಿನ ಮಾತು: ಗಾಂಧಿಸಾಗರ, ರಾಣಾಪ್ರತಾಪಸಾಗರ, ಜವಾಹರಸಾಗರ, ಕೋಟಾ ಬ್ಯಾರೇಜು, ಹೀಗೆ ೧೯೬೦ರಿಂದ ೧೯೭೨ರ ಒಳಗೆ ನಾಲ್ಕು ಕಟ್ಟೆಗಳಾದವು. ಅವುಗಳಿಂದ ಕೋಟಾ, ಮುರೈನಾ, ಭಿಂಡ ಕಡೆಯ ಬರಡು ನೆಲಕ್ಕೆ ಕಾಲುವೆ ಬಂತು, ಸಾಸಿವೆ ಗೋದಿ ಬೆಳೆಯಿತು. ಅದನ್ನು ತಪ್ಪೆನ್ನುವವನು ಬಿಜಾಪುರದ ಬರವನ್ನು ಕಂಡವನಾಗಿರಲಿಕ್ಕಿಲ್ಲ. ಆದರೆ ಕೋಟಾದ ಕೆಳಗೆ ಬೇಸಿಗೆಯ ಹರಿವು ತೀರ ಕ್ಷೀಣಿಸಿತು; ಕಾಳೀಸಿಂಧ, ಪಾರ್ವತಿ, ಬನಾಸ್ ಬಂದು ಕೂಡಿದ ಮೇಲೆಯೇ ನದಿಗೆ ಮತ್ತೆ ಜೀವ. ಹರಿವು ತಗ್ಗಿದಾಗ ನಡುಗಡ್ಡೆಗಳು ದಡಕ್ಕೆ ಅಂಟಿಕೊಳ್ಳುತ್ತವೆ. ನೀರಿನ ಕಂದಕವೇ ರಕ್ಷೆಯೆಂದು ನಂಬಿ ಅಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳ ಗೂಡಿಗೆ ನಾಯಿ ನರಿಗಳು ಕಾಲ್ನಡಿಗೆಯಲ್ಲಿ ಬರುತ್ತವೆ. ಅಕಾಲದಲ್ಲಿ ಮೇಲಿನಿಂದ ನೀರು ಬಿಟ್ಟರೆ ಮರಳಿನ ಕುಳಿಗಳು ತೊಯ್ದು ಮೊಟ್ಟೆ ಕೊಳೆಯುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಮರಳಿನ ಮಾತು ಇನ್ನೂ ಕಠಿಣ. ಆಮೆಗೆ, ಘಡಿಯಾಲಿಗೆ, ಕೆಳಕೊಕ್ಕಿನಿಂದ ನೀರು ಸೀಳುತ್ತ ಹಾರುವ ಸ್ಕಿಮ್ಮರ್ ಹಕ್ಕಿಗೆ, ಎಲ್ಲರಿಗೂ ಬೇಕಾದುದು ಅದೇ ದಡ, ಅದೇ ಬೇಸಿಗೆಯ ತಿಂಗಳುಗಳು. ಮನೆ ಕಟ್ಟಿಸುವವರಿಗೆ ಬೇಕಾದುದೂ ಅದೇ ಮರಳು. ಅಭಯಧಾಮದಲ್ಲಿ ಮರಳು ತೆಗೆಯಬಾರದೆಂದು ಕಾನೂನಿದ್ದರೂ ಟ್ರ್ಯಾಕ್ಟರುಗಳ ಸಾಲು ನಿಂತಿಲ್ಲ. ಒಂದು ಟ್ರಾಲಿಯ ಮರಳಿನೊಡನೆ ಎಷ್ಟು ಕುಳಿಗಳು ಹೋದವೆಂದು ಲೆಕ್ಕವಿಡುವವರಾರು? ತಡೆಯಹೋದವರ ಪಾಡು ಸುಲಭದ್ದಲ್ಲ. ೨೦೧೨ರ ಮಾರ್ಚಿಯಲ್ಲಿ ಮುರೈನಾ ಜಿಲ್ಲೆಯಲ್ಲಿ ಅಕ್ರಮವಾಗಿ ತೆಗೆದ ಕಲ್ಲು ತುಂಬಿದ ಟ್ರ್ಯಾಕ್ಟರನ್ನು ತಡೆದ ತರುಣ ಪೋಲೀಸ್ ಅಧಿಕಾರಿ ನರೇಂದ್ರಕುಮಾರ್ ಅದರ ಗಾಲಿಯಡಿ ಸಿಕ್ಕಿ ಪ್ರಾಣ ಬಿಟ್ಟರು.

ಒಂದೇ ಪೇಢಿಯ ಅಪಾಯವೆಂದು ಹಿಂದೆ ಹೇಳಿದೆನಲ್ಲ, ಅದು ೨೦೦೭ರ ಡಿಸೆಂಬರಿನಲ್ಲಿ ಬಂದೇಬಂತು. ಕೆಲವೇ ವಾರಗಳಲ್ಲಿ ನದಿಯ ಕೆಳಭಾಗದಲ್ಲಿ ನೂರಕ್ಕೂ ಹೆಚ್ಚು ಘಡಿಯಾಲುಗಳು ಸತ್ತು ತೇಲಿದವು. ಕೊಯ್ದು ನೋಡಿದಾಗ ಮೂತ್ರಪಿಂಡ ಕೆಟ್ಟು ಮೈಯೊಳಗೆಲ್ಲ ಲವಣ ಕಟ್ಟಿತ್ತು. ಯಾವುದೋ ವಿಷವಸ್ತು ಮೀನಿನ ಮೂಲಕ ಹೊಟ್ಟೆ ಸೇರಿರಬೇಕೆಂದು, ಪಕ್ಕದ ಯಮುನೆಯಿಂದ ಬಂದಿರಬಹುದೆಂದು ಪರಿಣತರು ಸಂಶಯಪಟ್ಟರು. ವಿಷ ಯಾವುದೆಂದು ಖಚಿತವಾಗಿ ಹೇಳಲು ಯಾರಿಗೂ ಆಗಲಿಲ್ಲ.

ಇಲ್ಲಿ ಇನ್ನೊಂದು ಪಕ್ಷವೂ ಉಂಟು. ತಲತಲಾಂತರದಿಂದ ಬಲೆ ಬೀಸಿದ ಬೆಸ್ತರಿಗೆ, ಬೇಸಿಗೆಯಲ್ಲಿ ದಡದ ಮರಳಿನಲ್ಲಿ ಕಲ್ಲಂಗಡಿ ಸೌತೆ ಬೆಳೆದು ಮಾರುತ್ತಿದ್ದ ಬಡವರಿಗೆ ಒಂದು ದಿನ ಬೆಳಗಾಗುವುದರೊಳಗೆ 'ಇದು ಅಭಯಧಾಮ, ನೀವು ಮಾಡುವುದು ಅಪರಾಧ' ಎಂದರೆ ಅವರೇನು ಮಾಡಬೇಕು? ಟ್ರ್ಯಾಕ್ಟರಿನ ಧಣಿಯನ್ನೂ ಸೌತೆಯ ಬುಟ್ಟಿಯವನನ್ನೂ ಒಂದೇ ಕಲಮಿನಲ್ಲಿ ಹಿಡಿಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಕಾವಲಿನ ಕೆಲಸ ಕೊಟ್ಟ ಕಡೆ ಅದೇ ಜನ ಮೊಟ್ಟೆ ಕಾಯುತ್ತಿದ್ದಾರೆಂಬುದನ್ನು ಮೇಲೆ ಹೇಳಿದೆ. ಅಂಥ ಕೆಲಸಗಳು ಇನ್ನೂ ಬಹಳ ಬೇಕು.

ನಮ್ಮ ನಾಡಿನ ನದಿಗಳಲ್ಲಿ ಸೂಂಸ್ ಇಲ್ಲ, ಎಂದೂ ಇರಲಿಲ್ಲ. ಆಮೆಗಳು ಮಾತ್ರ ಕೃಷ್ಣೆ, ತುಂಗಭದ್ರೆ, ಕಾವೇರಿಗಳಲ್ಲಿವೆ. ೨೦೧೫ರಲ್ಲಿ ತುಂಗಭದ್ರೆಯ ಮುದ್ಲಾಪುರದಿಂದ ಕಂಪಲಿಯ ವರೆಗಿನ ೩೪ ಕಿಲೋಮೀಟರನ್ನು ನೀರುನಾಯಿಗಳ ಸಲುವಾಗಿ ಸಂರಕ್ಷಿತವೆಂದು ಗೊತ್ತುಮಾಡಿದ್ದಾರೆ. ಹಂಪಿಗೆ ಹೋದವರು ಅದರ ದಡದಲ್ಲಿಯೇ ನಡೆದಾಡಿ ಬಂದಿರುತ್ತಾರೆ.

ಚಂಬಲನ್ನು ನೋಡಬೇಕೆನ್ನುವವರಿಗೆ ಅಕ್ಟೋಬರದಿಂದ ಮಾರ್ಚಿಯ ವರೆಗೆ ಒಳ್ಳೆಯ ಕಾಲ. ಮುರೈನಾ ಧೋಲ್‌ಪುರಗಳ ನಡುವೆ ಹೆದ್ದಾರಿಯ ಸೇತುವೆಯ ಬಳಿ, ರಾಜಘಾಟದಲ್ಲಿ ದೋಣಿ ಸಿಗುತ್ತದೆ. ಚಳಿಗಾಲದ ಬಿಸಿಲಿಗೆ ಆಮೆ ಘಡಿಯಾಲುಗಳು ಮರಳಿನ ಮೇಲೆ ಮೈಚಾಚಿರುತ್ತವೆ. ರೈಲಿನಿಂದ ಸೂಂಸ್ ಕಾಣುವುದು ಅದೃಷ್ಟದ ಮಾತು; ಮೇಲೆ ಬಂದು ಹೋಗುವುದು ಕಣ್ಣೆವೆಯಿಕ್ಕುವಷ್ಟರಲ್ಲಿ. ನಮ್ಮ ಹಿರಿಯ ಸದಸ್ಯರು ಡಿಸೆಂಬರಿನಲ್ಲಿ ಮಗಳ ಮನೆಗೆಂದು ದಿಲ್ಲಿಗೆ ಹೊರಟಿದ್ದಾರೆ. ಇದನ್ನೆಲ್ಲ ಓದಿ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿಯಲ್ಲಿ ಯಾವ ಕಡೆಯ ಕಿಟಕಿಯ ಹತ್ತಿರ ಕೂಡಬೇಕು?" ನದಿ ಎರಡೂ ಕಡೆಗೆ ಕಾಣುತ್ತದೆಂದು ಹೇಳಿದ್ದೇನೆ. ಮುರೈನಾ ಬಿಟ್ಟೊಡನೆ ಬಾಗಿಲ ಬಳಿ ಹೋಗಿ ನಿಲ್ಲಬೇಡಿರೆಂದೂ ಹೇಳಿದ್ದೇನೆ.